ಕಟ್ಟೆಗೆ ಬೀಗ ಬೇಡ

ಮಂಗಳೂರಿನ ಬಿಜೈ ಕಡೆಯ ನಮ್ಮ ಅಡ್ಡರಸ್ತೆಯ ತಿರುವಿನಲ್ಲಿ, ಪಾಲಿಕೆಯ ಅನುಮತಿ ಪಡೆದು ನಿವಾಸಿಗಳೇ ಸೇರಿ ಮೂರು ವರ್ಷಗಳ ಹಿಂದೆ ಕಟ್ಟಿದ ಕೆಂಪುಕಲ್ಲಿನ ಕಟ್ಟೆಯ ಸುತ್ತ ಕಬ್ಬಿಣದ ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, ಅದರ ಕೀಲಿಕೈಯನ್ನು ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಳಿ ಇಡಬೇಕೆಂಬ ಸಲಹೆಯೊಂದು ಕಳೆದ ವಾರ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಂದಿತು. "ಕಂಡಕಂಡವರೆಲ್ಲ ಬಂದು ಕೂರುತ್ತಾರೆ" ಎಂಬುದು ಅದಕ್ಕೆ ಕೊಟ್ಟ ಕಾರಣ. ಹೌದು, ಕೂರುತ್ತಾರೆ. ಅದಕ್ಕೆಂದೇ ಕಟ್ಟಿದ್ದಲ್ಲವೇ ಎಂದು ಅಲ್ಲಿಯೇ ಕೇಳಬಹುದಿತ್ತು. ಆದರೆ ಸಲಹೆಗೆ ಬಂದ ಮೆಚ್ಚುಗೆಗಳನ್ನು ನೋಡಿದ ಮೇಲೆ ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಆ ಮೂಲೆ ಮೊದಲು ಹೇಗಿತ್ತೆಂಬುದು ಹೊಸದಾಗಿ ಬಂದವರಿಗೆ ಗೊತ್ತಿರಲಾರದು. ಅದು ಕಸ ಎಸೆಯುವ ಜಾಗವಾಗಿತ್ತು. ರಾಮಕೃಷ್ಣ ಮಿಷನ್‌ನವರು ನಗರದಲ್ಲಿ ನಡೆಸಿದ ಭಾನುವಾರದ ಶ್ರಮದಾನವನ್ನು ಕಂಡು ನಾವೂ ಹತ್ತು ಹನ್ನೆರಡು ಮಂದಿ ಹಾರೆ, ಬುಟ್ಟಿ ಹಿಡಿದು ಇಳಿದೆವು. ಬೆಳಗ್ಗೆ ಗುಡಿಸಿದ ಜಾಗದಲ್ಲಿ ಸಂಜೆಗೆ ಮತ್ತೆ ಗಂಟು ಕಟ್ಟಿದ ಚೀಲಗಳು ಬಿದ್ದಿರುತ್ತಿದ್ದವು. ಎಚ್ಚರಿಕೆಯ ಫಲಕ ಹಾಕಿದೆವು. ಫಲಕದ ಕಾಲಬುಡಕ್ಕೇ ಚೀಲಗಳು ಬಂದವು. ಹೂಕುಂಡಗಳನ್ನು ಇಟ್ಟೆವು, ಎರಡು ಕಳವಾದವು, ಉಳಿದವು ಒಣಗಿದವು. ಕಸ ನಿಂತದ್ದು ಕಟ್ಟೆ ಆದ ಮೇಲೆ, ಅದೂ ಅಲ್ಲಿ ಜನ ಕೂರಲು ಆರಂಭಿಸಿದ ಮೇಲೆ. ಎದುರಿಗೆ ನಾಲ್ಕು ಮಂದಿ ಕುಳಿತು ನೋಡುತ್ತಿರುವಾಗ ಸ್ಕೂಟರಿನಿಂದ ಚೀಲ ಎಸೆಯಲು ಯಾರಿಗೂ ಕೈ ಬರುವುದಿಲ್ಲ. ಈಗ ಬೇಡವೆನ್ನುತ್ತಿರುವುದು ಆ ನಾಲ್ಕು ಮಂದಿಯನ್ನೇ.

ನಾನೂ ಹಿಂದೆ ಇದೇ ತಪ್ಪು ಮಾಡಿದ್ದೇನೆ. ಮೊದಲ ನಕ್ಷೆಯಲ್ಲಿ ಕಟ್ಟೆಯೇ ಇರಲಿಲ್ಲ. ಕ್ರೋಟನ್ ಗಿಡಗಳ ಸಾಲು, ಬಿಳಿ ಕಲ್ಲುಹರಳು, ಸುತ್ತ ಗ್ರಿಲ್, ಇಷ್ಟೇ ಇತ್ತು. ಅದನ್ನು ಬರೆದವನು ನಾನು. ಬೆಳಗ್ಗೆ ಅದೇ ತಿರುವಿನಲ್ಲಿ ಬುಟ್ಟಿ ಇಳಿಸಿ ಬಂಗುಡೆ, ಬೂತಾಯಿ ಮೀನು ಮಾರುತ್ತಿದ್ದ ಅಕ್ಕನನ್ನು "ಸ್ವಲ್ಪ ಮುಂದೆ" ಕಳುಹಿಸಬೇಕೆಂಬ ಮಾತೂ ಸಭೆಯಲ್ಲಿ ಬಂದಿತ್ತು. ವಿಷಯ ತಿಳಿಸಲು ಹೋದವನಿಗೆ ಆಕೆ, "ಗಿಡಕ್ಕೆ ಜಾಗ ಉಂಟು, ನನಗಿಲ್ವಾ ಮಾರಾಯ್ರೆ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಕ್ಷೆ ಬದಲಾಯಿತು.

ಕೂರುವ ಜಾಗವೊಂದನ್ನು ಊರಿಗಾಗಿ ಮಾಡುವುದು ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಅಶ್ವತ್ಥಕಟ್ಟೆಯಿಲ್ಲದ ಊರು ಇಲ್ಲಿ ಕಡಿಮೆ. ಜಾತ್ರೆಯ ಸವಾರಿಯಲ್ಲಿ ದೇವರು ಕಟ್ಟೆಗಳಲ್ಲಿ ಕುಳಿತು ಪೂಜೆ ಸ್ವೀಕರಿಸುವ ಕ್ರಮವಿದೆ. ಉಳಿದ ದಿನಗಳಲ್ಲಿ ಅಂಥ ಕಟ್ಟೆಗಳ ಮೇಲೆ ದಾರಿಹೋಕರು ಕೂರುತ್ತಾರೆ. ದಾಹವೆಂದು ಬಂದವರಿಗೆಲ್ಲ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬಾತನ ಕಟ್ಟೆಯೇ ನಗರಮಧ್ಯದ ಹಂಪನಕಟ್ಟೆಯಾಯಿತೆಂದು ಹಿರಿಯರು ಹೇಳುವುದುಂಟು. ಕತೆ ಎಷ್ಟರಮಟ್ಟಿಗೆ ನಿಜವೋ, 2021ರಲ್ಲಿ ಅದೇ ಹಂಪನಕಟ್ಟೆಯ ರಸ್ತೆ ಅಗೆದಾಗ ಹಳೆಯ ಬಾವಿಯೊಂದು ಕಾಣಿಸಿಕೊಂಡದ್ದಂತೂ ನಿಜ. ನಾನೂ ಹೋಗಿ ಇಣುಕಿ ಬಂದವರಲ್ಲಿ ಒಬ್ಬ.

ಹಳೆಯ ಕಟ್ಟೆಗಳಲ್ಲಿ ಇನ್ನೊಂದು ಜಾಣತನವಿದೆ. ಸುತ್ತ ಕಲ್ಲು ಕಟ್ಟಿದರೂ ಮರದ ಬುಡದಲ್ಲಿ ಮಣ್ಣನ್ನು ತೆರೆದೇ ಬಿಡುತ್ತಿದ್ದರು. ಇಂದಿನ ಕಾಮಗಾರಿಗಳಲ್ಲಿ ಇಂಟರ್‌ಲಾಕ್ ಹೆಂಚು ಕಾಂಡಕ್ಕೆ ತಾಗುವವರೆಗೆ ಬರುತ್ತದೆ. ಮರಗಳ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲೇ ದೆಹಲಿಯ ಆಡಳಿತಗಳಿಗೆ ಆದೇಶಿಸಿತ್ತು. ಆ ಅಳತೆಯನ್ನು ನಾವೂ ಇಟ್ಟುಕೊಂಡು, ನಡುವೆ ಒಂದು ರೆಂಜೆ (ಬಕುಳ) ಗಿಡ ನೆಟ್ಟೆವು. ಗುಲ್‌ಮೊಹರ್ ಬೇಗ ಬೆಳೆದು ನೆರಳು ಕೊಡುತ್ತದೆಂದು ಕೆಲವರು ಹೇಳಿದರು. ಬೇಗ ಬೆಳೆಯುವುದು ನಿಜ, ಮಳೆಗಾಲದ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದೂ ಅಷ್ಟೇ ನಿಜ. ರೆಂಜೆ ನಿಧಾನ. ಮೂರು ವರ್ಷಕ್ಕೆ ನನ್ನ ಭುಜದೆತ್ತರ ಬಂದಿದೆ, ಹೂವಿನ ಸುಳಿವಿಲ್ಲ.

ಅದು ಬದುಕಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಆಗಿನ ಕೇಂದ್ರ ಕೃಷಿ ಸಚಿವ ಕನ್ಹಯ್ಯಾಲಾಲ್ ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ಜುಲೈಯಲ್ಲಿ ಬರುತ್ತದೆ, ಆಗ ಇಲ್ಲಿ ಒಣಕೋಲು ನೆಟ್ಟರೂ ಚಿಗುರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಊರಿನಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಗಿದುಹೋಗಿ, ಜನವರಿಯಿಂದ ಮಾರ್ಚ್‌ವರೆಗೆ ಹನಿಯೂ ಇಲ್ಲದಂತಾಗುತ್ತದೆ. ಕೆಂಪುಕಲ್ಲಿನ ನೆಲ ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಗಿಡ ನೆಟ್ಟ ದಿನ ಫೋಟೊಕ್ಕೆ ಬಂದವರೆಲ್ಲ ಜನವರಿಯ ಹೊತ್ತಿಗೆ ಕರಗಿಹೋಗಿದ್ದೆವು (ಬಹುವಚನ ಬಳಸಿದ್ದು ನನ್ನನ್ನೂ ಸೇರಿಸಿಯೇ). ನೀರು ಹಾಕಿದವರು ಎದುರಿನ ರಿಕ್ಷಾ ಪಾರ್ಕ್‌ನವರು. ಬೊಂಡದಂಗಡಿಯಿಂದ ಎಳನೀರಿನ ಸಿಪ್ಪೆ ತಂದು, ಗುಂಡಿಯೊಳಗೆ ಮಗುಚಿ ಜೋಡಿಸಿ, ಮೇಲೆ ತರಗೆಲೆ ಹರಡಿದವರೂ ಅವರೇ. ಮಾರ್ಚ್ ಮಧ್ಯಾಹ್ನವೊಂದರಲ್ಲಿ ಆ ಸಿಪ್ಪೆಗಳ ನಡುವೆ ಬೆರಳಿಟ್ಟು ನೋಡಿದ್ದೆ, ಮಣ್ಣು ತಣ್ಣಗಿತ್ತು. ಬೇಲಿ ಹಾಕಿದರೆ ಹೊರಗುಳಿಯುವವರ ಪಟ್ಟಿಯಲ್ಲಿ ಮೊದಲಿಗರು ಇವರೇ, ಏಕೆಂದರೆ ಗುಂಪಿನಲ್ಲಿ ಇವರ ನಂಬರ್ ಇಲ್ಲ.

ತಕರಾರುಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ರಾತ್ರಿ ಹತ್ತರ ನಂತರ ಕೆಲವು ಹುಡುಗರ ಗದ್ದಲ ಜಾಸ್ತಿಯಾಗಿದೆ, ಎರಡು ಬಾರಿ ಬಾಟಲಿ ಒಡೆದದ್ದನ್ನು ಹೆಕ್ಕಿದವನು ನಾನೇ. ಆದರೆ ಅಲ್ಲಿನ ಬೀದಿದೀಪ ಹಲವು ತಿಂಗಳಿಂದ ಉರಿಯುತ್ತಿಲ್ಲ, ಆ ಬಗ್ಗೆ ನಮ್ಮಲ್ಲಿ ಒಬ್ಬರೂ ಲಿಖಿತ ದೂರು ಕೊಟ್ಟಿಲ್ಲ. ದೀಪ ಹಾಕಿಸುವ ಮೊದಲೇ ಬೀಗ ಹಾಕುವ ಅವಸರವೇಕೆ? ಅಲ್ಲದೆ ನೆಲ ಪಾಲಿಕೆಯದು. ಅಲ್ಲಿ ಕಟ್ಟೆ ಕಟ್ಟಿ ಗಿಡ ನೆಡಲು ನಮಗೆ ಅನುಮತಿ ಸಿಕ್ಕಿತ್ತು, ಇತರರನ್ನು ತಡೆಯಲು ಅಲ್ಲ.

"ನಾವು ಬೆವರು ಸುರಿಸಿ ಮಾಡಿದ್ದು" ಎಂಬ ಮಾತು ಆ ಚರ್ಚೆಯಲ್ಲಿ ಪದೇಪದೇ ಬಂದಿದೆ. ಸುರಿಸಿದ್ದೇವೆ. ಆದರೆ ಅದಕ್ಕೆ ಶ್ರಮದಾನವೆಂದು ಹೆಸರಿಟ್ಟವರು ನಾವೇ, ಬ್ಯಾನರಿನಲ್ಲಿ ಅಚ್ಚು ಹಾಕಿಸಿದವರೂ ನಾವೇ. ಕೊಟ್ಟ ದಾನದ ಮೇಲೆ ಮೂರು ವರ್ಷದ ನಂತರ ಹಕ್ಕು ಸ್ಥಾಪಿಸಲು ಹೊರಟರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾದೀತು.

ಈ ಬಗ್ಗೆ ಬರುವ ಭಾನುವಾರ ಸಂಜೆ ಐದಕ್ಕೆ ಸಭೆ ಇದೆ. ಅಪಾರ್ಟ್‌ಮೆಂಟಿನ ಹಾಲ್ ಬೇಡ, ಕಟ್ಟೆಯಲ್ಲೇ ಸೇರೋಣ ಎಂದು ತಿಳಿಸಿದ್ದೇನೆ. ರಿಕ್ಷಾ ಪಾರ್ಕ್‌ನವರಿಗೂ, ಮೀನಿನ ಅಕ್ಕನಿಗೂ ಹೇಳಿಯಾಗಿದೆ. ಬೀದಿದೀಪದ ದೂರನ್ನು ಬರೆದು ತರುತ್ತೇನೆ, ಬಂದವರು ಸಹಿ ಹಾಕಿದರಾಯಿತು.