ಟಾಕಿಗೆ ನಲವತ್ತೇಳು ಸುತ್ತು

ಇವತ್ತು ಮಂಗಳವಾರ. ಭಾನುವಾರ ಸಂಜೆಯಿಂದ ನಾನು ಉಪ್ಪಿಟ್ಟು, ಊಟ, ಕಾಫಿ ಎಲ್ಲವನ್ನೂ ನಿಂತುಕೊಂಡೇ ಮುಗಿಸುತ್ತಿದ್ದೇನೆ. ಆಫೀಸಿನ ಮೀಟಿಂಗ್‌ನಲ್ಲೂ ಕಿಟಕಿ ಪಕ್ಕ ನಿಂತು, ಏನೋ ದೊಡ್ಡ ವಿಷಯ ಯೋಚಿಸುವವನ ಹಾಗೆ ಹೊರಗೆ ನೋಡುತ್ತೇನೆ. ಮ್ಯಾನೇಜರ್‌ಗೆ ನನ್ನ ಮೇಲೆ ಸ್ವಲ್ಪ ಗೌರವ ಬಂದ ಹಾಗಿದೆ. ಪಾಪ, ಅವರಿಗೇನು ಗೊತ್ತು, ಇದೆಲ್ಲ ಸೈಕಲ್ ಸೀಟಿನ ಮಹಿಮೆ ಅಂತ.

ನೋವಾದರೂ ಸಹಿಸಬಹುದಿತ್ತು. ಬೆಳಿಗ್ಗೆ ಮೀಟರ್ ಒಂದು ಮೆಸೇಜ್ ಕಳಿಸಿದ್ದಾನೆ: ‘49.9 ತೋರಿಸ್ತಿದೆ ಕಣೋ!’ ಹಿಂದೆಯೇ ಅಳುವ ಮುಖಗಳು, ಮೂರು. ಅದನ್ನು ನೋಡಿದಾಗಿನಿಂದ ನನ್ನ ಮೈಯೆಲ್ಲ ಉರಿಯುತ್ತಿದೆ. ಕೆಳಗಿನ ಭಾಗ ಮೊದಲೇ ಉರಿಯುತ್ತಿತ್ತು.

ಮೀಟರ್ ಅಂದರೆ ನನ್ನ ಗೆಳೆಯ. ಮೊದಲು ಚೆನ್ನಾಗೇ ಇದ್ದ. ಒಂದು ದಿನ ಸೈಕಲ್ ಕೊಂಡ. ಅಲ್ಲಿಗೂ ಪರವಾಗಿರಲಿಲ್ಲ. ಆಮೇಲೆ ಅದರ ಹ್ಯಾಂಡಲ್‌ಗೆ ಫೋನ್ ಕಟ್ಟಿ, ದೂರ ಅಳೆಯುವ ಆ್ಯಪ್ ಒಂದನ್ನು ಹಾಕಿಕೊಂಡ. ಅಂದಿನಿಂದ ಆ್ಯಪ್‌ನಲ್ಲಿ ದಾಖಲಾಗದ ಸವಾರಿ ಅವನ ಮಟ್ಟಿಗೆ ಸವಾರಿಯೇ ಅಲ್ಲ. ಹೆಂಡತಿ ಕೊತ್ತಂಬರಿ ಸೊಪ್ಪು ತರಲು ಕಳಿಸಿದರೆ ಆರು ಕಿಲೋಮೀಟರ್ ಸುತ್ತಿ ಬರುತ್ತಾನೆ. ಕೈಯಲ್ಲಿ ಸೊಪ್ಪು ಇರುವುದಿಲ್ಲ, ಆದರೆ ಸರಾಸರಿ ವೇಗ ಎಷ್ಟು ಅಂತ ಹೇಳುತ್ತಾನೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಸೈಕಲ್‌ನಲ್ಲಿ ಹೋಗೋಣ ಅಂದವನು ನಾನೇ, ಸುಳ್ಳು ಯಾಕೆ ಹೇಳಲಿ. ಕಾರಿನಲ್ಲಿ ಎರಡು ಸಲ ಹೋಗಿದ್ದೆ. ಎರಡು ಸಲವೂ ನೆನಪಿನಲ್ಲಿ ಉಳಿದದ್ದು ಪಾರ್ಕಿಂಗ್ ಚೀಟಿ ಮಾತ್ರ. ಮಲಪ್ರಭೆಯ ದಂಡೆ, ಎರೆಮಣ್ಣಿನ ಹೊಲ, ಕೆಂಪು ಬಂಡೆ, ಜನವರಿಯ ತಂಪು. ನಿಧಾನವಾಗಿ ತುಳಿದುಕೊಂಡು, ಬೇಕಾದಲ್ಲಿ ನಿಂತು ಹೋಗೋಣ ಅಂತ ನನ್ನ ಆಸೆ. ‘ಒಂದೇ ದಿನ ಐವತ್ತು ಹೊಡೆದ್ರೆ ಪದಕ ಬರುತ್ತೆ’ ಅಂದ ಮೀಟರ್. ಪದಕ ಅಂದರೆ ಪದಕದ ಚಿತ್ರ. ಅದೂ ಫೋನಿನೊಳಗೆ.

ಶನಿವಾರ ಬೆಳಗಿನ ಜಾವ ರೈಲಿಳಿದು, ಬ್ರೇಕ್ ವ್ಯಾನಿನಿಂದ ಸೈಕಲ್ ಬಿಡಿಸಿಕೊಂಡೆವು. ಬಾದಾಮಿ ಸ್ಟೇಷನ್ನಿಗೂ ಊರಿಗೂ ಐದು ಕಿಲೋಮೀಟರ್ ಇದೆ. ಮೀಟರ್ ಗುಂಡಿ ಒತ್ತಿದ, ಹೊರಟೆವು. ಊರು ದಾಟಿ ಇನ್ನೈದು ಕಿಲೋಮೀಟರ್ ತುಳಿದರೆ ಬನಶಂಕರಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮಂದಿರ ಹತ್ತಿರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಡ್ಡಿ ಚುಚ್ಚಿದರೂ ನಿಲ್ಲುವಂಥ ಗಟ್ಟಿ ಮೊಸರು. ನಾನು ಮೂರು ರೊಟ್ಟಿ ತಿಂದೆ. ‘ಇನ್ನೊಂದು ತಿನ್ರಿ, ಸೈಕಲ್ ತುಳಿಯಾವ್ರು’ ಅಂದರು. ನಾಲ್ಕಾಯಿತು. ತಿನ್ನುವಾಗ ಸರಾಸರಿ ಬೀಳಬಾರದು ಅಂತ ಮೀಟರ್ ಆ್ಯಪ್ ನಿಲ್ಲಿಸಿದ. ಮತ್ತೆ ಶುರು ಮಾಡಲು ಮರೆತ. ಮೊಸರಿನ ತಪ್ಪು ಅಂತ ಈಗಲೂ ಹೇಳುತ್ತಾನೆ.

ವಾಪಸ್ ಬಾದಾಮಿಗೆ ಬಂದು, ಪಟ್ಟದಕಲ್ಲಿನ ದಾರಿಯಲ್ಲಿ ಮೂರು ಕಿಲೋಮೀಟರ್ ಹೋದ ಮೇಲೆ ಫೋನ್ ನೋಡಿದ. ಮನೆಗೆ ಕಳ್ಳ ನುಗ್ಗಿದ ಹಾಗೆ ಕೂಗಿಕೊಂಡ.

‘ಎಂಟು ಕಿಲೋಮೀಟರ್ ಹೋಯ್ತಲ್ಲೋ!’

‘ಎಲ್ಲಿಗೆ ಹೋಯ್ತು? ನಾವೇ ತುಳಿದ್ವಲ್ಲ.’

‘ಅದು ಲೆಕ್ಕಕ್ಕಿಲ್ಲ. ವಾಪಸ್ ಹೋಗೋಣ.’

ನಾನು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಆಗ ಇನ್ನೂ ಕೂರಲು ಬರುತ್ತಿತ್ತು.

ಹೇಗೋ ಸಮಾಧಾನ ಮಾಡಿ ಮುಂದೆ ಹೊರಡಿಸಿದರೆ ನೆಗ್ಗಿಲು ಮುಳ್ಳು. ನೋಡಲು ಕಡಲೆಕಾಳಿನಷ್ಟು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಟೈರ್ ಪಂಚರ್. ಪಂಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ, ಗುಳ್ಳೆ ಹಿಡಿದು, ಎರಡೇ ನಿಮಿಷದಲ್ಲಿ ತೇಪೆ ಹಾಕಿದರು. ಗಾಳಿ ತುಂಬಲು ಹೋದರೆ ನಮ್ಮ ಫಾರಿನ್ ಥರದ ಸಣಕಲು ವಾಲ್ವಿಗೆ ಅವರ ಪಂಪು ಕೂರುವುದಿಲ್ಲ. ನಮ್ಮ ಪುಟ್ಟ ಪಂಪಿನಲ್ಲಿ ಇನ್ನೂರು ಸಲ ಒತ್ತಿದೆವು. ಅವರು ಬೀಡಿ ಹಚ್ಚಿ ನೋಡುತ್ತಾ ಕೂತರು.

‘ಎಷ್ಟ್ರಿ ಇದು ಸೈಕಲ್ಲು?’

ಮೀಟರ್ ಹೆಮ್ಮೆಯಿಂದ, ‘ಅರವತ್ತೈದು ಸಾವಿರ’ ಅಂದ.

ಅವರು ಬೀಡಿ ಬಾಯಿಂದ ತೆಗೆದರು. ಸೈಕಲ್ಲಿಗೆ ಒಂದು ಸುತ್ತು ಬಂದರು. ‘ಸ್ಟ್ಯಾಂಡ್ ಇಲ್ಲ. ಕ್ಯಾರಿಯರ್ ಇಲ್ಲ. ಮಡ್‌ಗಾರ್ಡ್ ಇಲ್ಲ. ಬೆಲ್ಲೂ ಇಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟ್ ರೊಕ್ಕಕ್ಕ ಒಂದು ಎಮ್ಮಿ ಬರ್ತಿತ್ತಲ್ರಿ’ ಅಂದರು. ಮೀಟರ್‌ನ ಒಳದಿಂಬು ಇಟ್ಟು ಹೊಲಿದ ಸೈಕಲ್ ಚಡ್ಡಿಯನ್ನೂ ಹಿಂದಿನಿಂದ ಕನಿಕರದಿಂದ ನೋಡಿದರು. ಏನೋ ಕೇಳಬೇಕು ಅಂತ ಬಾಯಿ ತೆರೆದು, ಬೇಡ ಅಂತ ಬಿಟ್ಟರು. ಆ ಮನುಷ್ಯನ ಸೌಜನ್ಯ ದೊಡ್ಡದು.

ಮಹಾಕೂಟದ ಹೊಂಡದಲ್ಲಿ ಹುಡುಗರು ಮೇಲಿಂದ ಹಾರುತ್ತಿದ್ದರು. ‘ಐದೇ ನಿಮಿಷ’ ಅಂದ ಮೀಟರ್. ಪಟ್ಟದಕಲ್ಲಿಗೆ ಹನ್ನೆರಡು ನಿಮಿಷ. ಯುನೆಸ್ಕೊ 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗ, ನಮ್ಮ ಮೀಟರ್‌ಗೆ ಬರೀ ನಿಲುಗಡೆ. ವಿರೂಪಾಕ್ಷ ಗುಡಿಯ ಎದುರು ನಿಲ್ಲಿಸಿ ಹೇಳಿದೆ: ‘ನೋಡೋ, ವಿಕ್ರಮಾದಿತ್ಯ ಕಂಚಿ ಗೆದ್ದು ಬಂದ ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನ ಕಟ್ಟಿಸಿದಳು. ಇನ್ನೊಬ್ಬ ರಾಣಿ ಪಕ್ಕದಲ್ಲೇ ಹೆಚ್ಚುಕಮ್ಮಿ ಇಂಥದ್ದೇ ಇನ್ನೊಂದು ಕಟ್ಟಿಸಿದಳು.’ ಅವನು ಒಂದು ಕ್ಷಣ ಮೌನವಾದ. ಅವನು ಊರು ಸುತ್ತಿ ಬಂದರೆ ಅವನ ಹೆಂಡತಿ ಬಾಗಿಲು ತೆಗೆದರೆ ಸಾಕು, ಅಂಥ ಪರಿಸ್ಥಿತಿ.

ಗುಡಿಗಳ ಬೆನ್ನಿಗೆ ಹೊಳೆ. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗಿಕೊಳ್ಳುತ್ತಾಳೆ. ಅದಕ್ಕೇ ಚಾಲುಕ್ಯರು ಪಟ್ಟ ಕಟ್ಟಿಕೊಳ್ಳಲು ಈ ಜಾಗ ಆರಿಸಿಕೊಂಡರು ಅನ್ನುತ್ತಾರೆ. ನೀರು ಕಡಿಮೆ ಇತ್ತು. ಒಬ್ಬಳು ಬಂಡೆಯ ಮೇಲೆ ಕೌದಿ ಒಗೆಯುತ್ತಿದ್ದಳು, ಒಂದೊಂದು ಏಟಿಗೂ ಆಚೆ ದಡದಿಂದ ಇನ್ನೊಂದು ಏಟು ಕೇಳುತ್ತಿತ್ತು. ಬೂಟು ಬಿಚ್ಚಿ ಕಾಲು ಇಳಿಬಿಟ್ಟೆ. ಮೇಲಿನಿಂದ ಮೀಟರ್ ಕೂಗಿದ. ಹನ್ನೆರಡು ನಿಮಿಷ ಆಗಿತ್ತು.

ಐಹೊಳೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ನನಗೆ ಬೇಕಾದದ್ದು ಒಂದು ಚಹಾ, ಒಂದು ಹಾಸಿಗೆ. ಮೀಟರ್ ಫೋನ್ ನೋಡಿದ. 49.2.

‘ಇನ್ನು ಎಂಟುನೂರು ಮೀಟರ್.’

‘ಬಂದ ದಾರೀಲಿ ನಾನೂರು ಹೋಗಿ ನಾನೂರು ಬಾ.’

ಆಗಲ್ಲ ಅಂದ. ಬಂದ ದಾರಿಯಲ್ಲಿ ರಸ್ತೆ ತುಂಬ ತೊಗರಿ ಗಿಡ ಹರವಿದ್ದರು, ಗಾಡಿಗಳು ತುಳಿದು ಕಾಳು ಬಿಡಿಸಲಿ ಅಂತ. ಅದರಲ್ಲಿ ಒಮ್ಮೆ ಚೈನಿಗೆ ಕಡ್ಡಿ ಸಿಕ್ಕಿ ಅವನು ಅಡ್ಡ ಬಿದ್ದಾಗಿತ್ತು. ಇನ್ನೊಂದು ದಾರಿಯಲ್ಲಿ ನಾಯಿ. ಮಧ್ಯೆ ಉಳಿದದ್ದು ಊರಿನ ನೀರಿನ ಟಾಕಿ, ಸುತ್ತ ಒಂದಿಷ್ಟು ಬಯಲು. ‘ಒಂದು ಸುತ್ತು ನಲವತ್ತು ಮೀಟರ್. ಇಪ್ಪತ್ತು ಸುತ್ತು ಸಾಕು. ನೀನೂ ಬಾ, ಒಬ್ಬನೇ ಸುತ್ತಿದ್ರೆ ಜನ ಏನಂದ್ಕೋತಾರೆ?’

ಇಬ್ಬರು ಸುತ್ತಿದರೆ ಏನಂದುಕೊಳ್ಳುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಮನೆಯ ಹಿತ್ತಲಲ್ಲಿ ಗುಡಿ, ಗುಡಿಯ ಹಿತ್ತಲಲ್ಲಿ ಮನೆ. ಪ್ರದಕ್ಷಿಣೆ ಹಾಕುವವರನ್ನು ನೋಡಿ ನೋಡಿ ಆ ಊರಿಗೆ ಸಾಕಾಗಿರಬೇಕು. ಆದರೂ ಐದನೇ ಸುತ್ತಿಗೆ ಕಟ್ಟೆಯ ಮೇಲಿದ್ದ ಅಜ್ಜ ಎದ್ದು ಬಂದ.

‘ಯಾವ ಹರಕಿರಿ?’

‘ಹರಕೆ ಅಲ್ಲ ಅಜ್ಜಾ, ಕಿಲೋಮೀಟರ್!’ ಅಂತ ಮೀಟರ್ ಸುತ್ತುತ್ತಲೇ ಕೂಗಿದ.

ಮುಂದಿನ ಸುತ್ತಿಗೆ ಮತ್ತೆ ಎದುರಾದಾಗ ಅಜ್ಜ ಕೇಳಿದ: ‘ಯಾವೂರ ದೇವ್ರರಿ ಅದು?’

ಅದರ ಮುಂದಿನ ಸುತ್ತಿಗೆ ಪಾಪ, ನಮ್ಮ ಮೇಲೆ ಕರುಣೆ ಬಂದು ಹೇಳಿದ: ‘ಅಲ್ರಿ, ಅದು ನೀರಿನ ಟಾಕಿರಿ. ದೇವ್ರು ಈ ಕಡಿ ಐತಿ.’ ಕೈ ಎತ್ತಿ ತೋರಿಸಿದ. ‘ಆ ಕಡಿನೂ ಐತಿ. ಹಿಂದೂ ಐತಿ. ಅದೊಂದ್ರಾಗ ಇಲ್ರಿ.’

ಇಪ್ಪತ್ತು ಸುತ್ತು ಮುಗಿಯಿತು. ಫೋನ್ 49.5 ತೋರಿಸಿತು. ಆ್ಯಪ್ ಕೆಲವು ಸೆಕೆಂಡಿಗೊಮ್ಮೆ ನಾವೆಲ್ಲಿದ್ದೇವೆ ಅಂತ ಚುಕ್ಕಿ ಇಡುತ್ತದೆ, ಚುಕ್ಕಿಗಳನ್ನು ನೇರ ಗೆರೆಯಲ್ಲಿ ಸೇರಿಸುತ್ತದೆ. ಸಣ್ಣ ವೃತ್ತದಲ್ಲಿ ತಿರುಗಿದರೆ ತಿರುವುಗಳನ್ನೆಲ್ಲ ನುಂಗಿಬಿಡುತ್ತದೆ. ಅದರ ಕಣ್ಣಿಗೆ ನಾವು ತ್ರಿಕೋನದಲ್ಲಿ ಹೋಗುತ್ತಿದ್ದೆವು. ಸುಸ್ತಾಗಿ ನಿಧಾನ ಮಾಡಿದರೆ, ಇವರು ನಿಂತಿದ್ದಾರೆ ಅಂತ ಲೆಕ್ಕವನ್ನೇ ನಿಲ್ಲಿಸುತ್ತದೆ. ಇದೆಲ್ಲ ಮೀಟರ್‌ಗೆ ಮೊದಲೇ ಗೊತ್ತಿತ್ತಂತೆ. ಇಪ್ಪತ್ತೊಂದನೇ ಸುತ್ತಿನಲ್ಲಿ ಹೇಳಿದ.

ಅಷ್ಟರಲ್ಲಿ ಕೊಡ ಹಿಡಿದು ಇಬ್ಬರು ಹೆಂಗಸರು ಬಂದರು. ಟಾಕಿ ಹತ್ತಿರ ಗದ್ದಲ ಅಂದರೆ ನೀರು ಬಿಡುತ್ತಾರೆ ಅಂತ ತಾನೇ ಅರ್ಥ? ಅವರನ್ನು ನೋಡಿ ಇನ್ನೂ ನಾಲ್ಕು ಕೊಡ. ಯಾರೋ ನೀರು ಬಿಡುವವನನ್ನೇ ಕರೆತಂದರು. ಅವನು ನಮ್ಮ ಹೆಲ್ಮೆಟ್, ಕರಿ ಕನ್ನಡಕ, ಹೊಳೆಯುವ ಅಂಗಿ ನೋಡಿ ಯಾವುದೋ ಇಲಾಖೆಯ ತಪಾಸಣೆ ಅಂದುಕೊಂಡ. ಅಂಗಿ ಗುಂಡಿ ಹಾಕಿಕೊಂಡು, ‘ಮೊನ್ನೆನೇ ತೊಳಸೇವ್ರಿ ಸರ’ ಅಂತ ನನ್ನ ಸೈಕಲ್ ಪಕ್ಕ ಓಡತೊಡಗಿದ. ಪೌಡರ್ ಯಾವಾಗ ಹಾಕಿದ್ದು ಅಂತಲೂ ಹೇಳಿದ. ನನಗೆ ಉಸಿರಿರಲಿಲ್ಲ, ತಲೆಯಾಡಿಸಿದೆ.

ಮೂವತ್ತನೇ ಸುತ್ತಿಗೆ ಮಕ್ಕಳು ಸೇರಿಕೊಂಡವು. ಒಬ್ಬ ಪುಟ್ಟ ಹುಡುಗ, ಅಪ್ಪನ ಸೈಕಲ್ ಇರಬೇಕು, ಸೀಟು ಎಟುಕದೆ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಾ ನನ್ನನ್ನು ಹಿಂದೆ ಹಾಕಿದ. ನಾನೂ ಹಾಗೇ ಕಲಿತದ್ದು. ಗಂಟೆಗೆ ಒಂದು ರೂಪಾಯಿ ಬಾಡಿಗೆಯ ಸೈಕಲ್. ಕಣ್ಣಿಗೆ ಕಾಣದಷ್ಟು ದೂರ ಹೋಗಬಾರದು ಅಂತ ಅಂಗಡಿಯವರ ಕಟ್ಟಪ್ಪಣೆ. ಹಾಗಾಗಿ ಇಡೀ ಗಂಟೆ ಅಂಗಡಿ ಮುಂದಿನ ಹುಣಸೆ ಮರವನ್ನೇ ಸುತ್ತುತ್ತಿದ್ದೆ. ಎಷ್ಟು ಸುತ್ತು ಅಂತ ಯಾರೂ ಎಣಿಸುತ್ತಿರಲಿಲ್ಲ. ಗಂಟೆಯಾಯಿತು ಅಂತ ಅವರು ಕೂಗಿದರೆ ಕೇಳಿಸದವನ ಹಾಗೆ ಇನ್ನೊಂದು ಸುತ್ತು ಹಾಕುವುದು, ಅದೇ ಆ ದಿನದ ಲಾಭ. ಆ ಮರ ಈಗಿಲ್ಲ.

ನಲವತ್ತೇಳನೇ ಸುತ್ತಿಗೆ 50.0. ಮೀಟರ್ ಎರಡೂ ಕೈ ಮೇಲೆತ್ತಿದ. ಮಕ್ಕಳು ಚಪ್ಪಾಳೆ ಹೊಡೆದವು. ಅಜ್ಜ ದೂರದಿಂದಲೇ ಟಾಕಿಗೆ ಒಂದು ಕೈ ಮುಗಿದ. ಎಲ್ಲಿಂದಲೋ ಬಂದು ಸುತ್ತಿದ್ದಾರೆ ಅಂದ ಮೇಲೆ ಏನೋ ಇದ್ದರೂ ಇರಬಹುದು, ಅಲ್ವಾ? ನೀರನ್ನೂ ಬಿಟ್ಟರಂತೆ.

ಮರುದಿನ ಬೆಳಿಗ್ಗೆ ಮೇಗುತಿ ಗುಡ್ಡ ಹತ್ತಿಸಿ ಅವನಿಗೆ ರವಿಕೀರ್ತಿಯ ಶಾಸನ ತೋರಿಸಿದೆ. ಇಮ್ಮಡಿ ಪುಲಕೇಶಿಯ ಗೆಲುವುಗಳನ್ನೆಲ್ಲ 634ರಲ್ಲಿ ಕಲ್ಲಿಗೆ ಕೆತ್ತಿಸಿದ್ದು. ಭಾರತ ಯುದ್ಧವಾಗಿ 3735 ವರ್ಷ, ಶಕ 556 ಅಂತ ಲೆಕ್ಕವನ್ನೂ ಕೊಟ್ಟಿದ್ದಾನೆ. ಜೊತೆಗೆ, ತಾನು ಕಾಳಿದಾಸ ಭಾರವಿಯರಷ್ಟು ಕೀರ್ತಿವಂತ ಅಂತ ತಾನೇ ಹೇಳಿಕೊಂಡಿದ್ದಾನೆ. ಇಡೀ ಪ್ರವಾಸದಲ್ಲಿ ಮೀಟರ್ ಮನಸಾರೆ ಮೆಚ್ಚಿದ್ದು ಇದೊಂದನ್ನೇ. ‘ನೋಡು, ಆಗಲೂ ಅಪ್‌ಲೋಡ್ ಮಾಡ್ತಿದ್ರು’ ಅಂದ.

ರವಿಕೀರ್ತಿಯ ಅದೃಷ್ಟ, ಕಲ್ಲು ಆಮೇಲೆ ಲೆಕ್ಕ ತಿದ್ದುವುದಿಲ್ಲ. ಮೀಟರ್‌ನ ಸವಾರಿಯನ್ನು ಆ್ಯಪ್ ನಿಧಾನವಾಗಿ ಪರಿಶೀಲಿಸಿ, ದೂರವನ್ನು ಮತ್ತೊಮ್ಮೆ ಲೆಕ್ಕ ಹಾಕಿ, ನೂರು ಮೀಟರ್ ಕಡಿತ ಮಾಡಿದೆ. 49.9. ಪದಕ ಇಲ್ಲ.

ಇದನ್ನು ಬರೆಯುತ್ತಿರುವಾಗಲೇ ಇನ್ನೊಂದು ಮೆಸೇಜ್ ಬಂತು. ಮುಂದಿನ ಶುಕ್ರವಾರ ರಾತ್ರಿ ಮತ್ತೆ ಬಾದಾಮಿಗೆ ಇಬ್ಬರಿಗೂ ಟಿಕೆಟ್ ಮಾಡಿಸಿದ್ದಾನಂತೆ. ಬರ್ತ್ ಸಿಗಲಿಲ್ಲವಂತೆ, ಆರ್‌ಎಸಿ. ‘ಏನಾಗಲ್ಲ ಕಣೋ, ಒಂದು ರಾತ್ರಿ ತಾನೇ. ಇಬ್ಬರೂ ಕೂತ್ಕೊಂಡೇ ಹೋಗೋಣ.’