ನಮ್ಮ ನಾಯಿಗೆ ಕೇಳದೆ ಏನೂ ಹಾಕಬೇಡಿ

ಮನೆಗೆ ಬರುವ ನೆಂಟರಿಗೆಲ್ಲ ಒಂದೇ ಚಾಳಿ. ಊಟಕ್ಕೆ ಕೂತರೆ ನಮ್ಮ ಪಗ್ ಹತ್ತಿರ ಬಂದು ಮುಖ ನೋಡುತ್ತಾ ನಿಲ್ಲುತ್ತದೆ. "ಪಾಪ, ಆಸೆ ಪಡ್ತಿದೆ, ಒಂದು ಚೂರು ಕೊಟ್ರೆ ಏನಾಗತ್ತೆ?" ಅಂತ ಟೇಬಲ್ ಕೆಳಗೆ ಕೈ ಇಳಿಸಿಬಿಡುತ್ತಾರೆ. ಬೇಡ ಅಂತ ಬಾಯಿಬಿಟ್ಟು ಹೇಳಿದರೂ ಕೇಳುವುದಿಲ್ಲ. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಏನಾಗತ್ತೆ ಅಂತ ಕೇಳಿದಿರಲ್ಲ, ಹೇಳುತ್ತೇನೆ.

ಯುಗಾದಿ ದಿನ ಒಬ್ಬಟ್ಟು ತಿನ್ನಿಸಿದರು. ಮೇಲೆ ಒಂದು ಬಟ್ಟಲು ಹಾಲು. ರಾತ್ರಿ ಅದರ ಹೊಟ್ಟೆ ಗುಡುಗುಡು ಅನ್ನುತ್ತಿತ್ತು, ಮುಟ್ಟಿದರೆ ಬಿಗಿ. ಮಲಗುತ್ತದೆ, ಏಳುತ್ತದೆ, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತದೆ, ಮತ್ತೆ ಮಲಗಲು ನೋಡುತ್ತದೆ. ಬಾಯಿಲ್ಲದ ಜೀವ, ನೋವು ಅಂತ ಹೇಳುವುದಾದರೂ ಹೇಗೆ? ತಿನ್ನಿಸಿದವರು ಪಕ್ಕದ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಬೆಳಗ್ಗೆ ಎದ್ದು ಮೂಗು ಮುಚ್ಚಿಕೊಂಡು "ಏನ್ರೀ, ನಿಮ್ಮ ನಾಯಿ ಇಷ್ಟೊಂದು ನಾರುತ್ತೆ?" ಅಂತ ನನ್ನನ್ನೇ ಕೇಳಿದರು. ಮೈಯೆಲ್ಲ ಉರಿಯಿತು.

ಹಾಲು ಅರಗಿಸುವ ಲ್ಯಾಕ್ಟೇಸ್ ಅನ್ನುವ ಕಿಣ್ವ ಮರಿಯಲ್ಲಿ ಚೆನ್ನಾಗಿರುತ್ತದೆ, ಬೆಳೆದ ಮೇಲೆ ಕಡಿಮೆಯಾಗುತ್ತದೆ. ಅರಗದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾದಿಂದ ಹುಳಿಯುತ್ತದೆ. ಅದೇ ಗ್ಯಾಸ್. ಬೇಳೆಯ ಕಥೆಯೂ ಅಷ್ಟೇ. ಸಾಲದ್ದಕ್ಕೆ ಪಗ್‌ಗೆ ಮೂಗು ಚಪ್ಪಟೆ, ಗಬಗಬ ತಿನ್ನುವಾಗ ಗಾಳಿಯನ್ನೂ ನುಂಗುತ್ತದೆ. ಅದಕ್ಕೇ ಒಳಗೆ ಉಬ್ಬು ಇರುವ ಬಟ್ಟಲು ತಂದಿದ್ದೇನೆ, ನಿಧಾನವಾಗಿ ತಿನ್ನಲಿ ಅಂತ. ಊಟ ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇನೆ. ಹೊಸ ಆಹಾರ ಕೊಡಬೇಕಾದರೂ ಹಳೆಯದರ ಜೊತೆ ಬೆರೆಸುತ್ತಾ ವಾರ, ಹತ್ತು ದಿನ ತೆಗೆದುಕೊಳ್ಳುತ್ತೇನೆ. ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ಗ್ಯಾಸ್ ಒಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಸಾಂಬಾರ್ ಅನ್ನ ಕಲಸಿ ಹಾಕುತ್ತಾರೆ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪಾಯಸದ ಒಣದ್ರಾಕ್ಷಿಯಿಂದ ಕಿಡ್ನಿಯೇ ಹೋಗಬಹುದು. ಇದನ್ನು ಹೇಳಿದರೆ "ನಮ್ಮೂರ ನಾಯಿಗಳು ಎಲ್ಲಾ ತಿಂತಾವೆ" ಅನ್ನುತ್ತಾರೆ. ಆ ನಾಯಿಗಳು ರಾತ್ರಿ ಹೇಗೆ ಒದ್ದಾಡುತ್ತವೆ ಅಂತ ಯಾರು ಎದ್ದು ನೋಡಿದ್ದಾರೆ?

ಇನ್ನು ಬಿಟ್ಟಿ ಸಲಹೆ ಬೇರೆ. ಈನೋ ಕುಡಿಸಿ, ಇಂಗಿನ ನೀರು ಹಾಕಿ. ಡಾಕ್ಟರನ್ನು ಕೇಳದೆ ಮನುಷ್ಯರ ಔಷಧಿ ಕೊಡುವುದಿಲ್ಲ ಅಂದರೆ ನನಗೇ ಜಂಬ ಅನ್ನುತ್ತಾರೆ.

"ಬರೀ ಗ್ಯಾಸ್ ತಾನೇ, ಬಿಡಿ" ಅನ್ನುವವರನ್ನು ಕಂಡರೆ ಭಯವೇ ಆಗುತ್ತದೆ. ಹೊಟ್ಟೆ ಊದಿಕೊಂಡು, ವಾಂತಿ ಬಂದ ಹಾಗೆ ಒಕರಿಸಿದರೂ ಏನೂ ಹೊರಬರದೆ, ಜೊಲ್ಲು ಸುರಿಯುತ್ತಿದ್ದರೆ ಒಳಗೆ ಜಠರ ತಿರುಚಿಕೊಂಡಿರಬಹುದು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ತರಹದ ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಇದು ಜಾಸ್ತಿ. ಬೆಳಗಾಗಲಿ ನೋಡೋಣ ಅಂತ ಕೂತರೆ ಅಷ್ಟರಲ್ಲಿ ಪ್ರಾಣವೇ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಮುದ್ದು ಮಾಡಿ, ಆಟ ಆಡಿಸಿ, ಸಂಜೆ ವಾಕಿಂಗ್ ಕರೆದುಕೊಂಡು ಹೋಗಿ. ಯಾರು ಬೇಡ ಅಂದರು? ತಿನ್ನಿಸಲೇಬೇಕು ಅನ್ನಿಸಿದರೆ ನನ್ನನ್ನು ಕೇಳಿ, ಒಂದು ಸಣ್ಣ ತುಂಡು ಕ್ಯಾರೆಟ್ ನಾನೇ ನಿಮ್ಮ ಕೈಗೆ ಕೊಡುತ್ತೇನೆ. ನಿಮ್ಮ ತಟ್ಟೆಯಲ್ಲಿರುವುದು ನಿಮಗೇ ಇರಲಿ.