ಹಳೇ ರೇಸಿಂಗ್ ಸೈಕಲ್ಲಿಗೆ ಹೊಸ ಪಾರ್ಟು ಎಲ್ಲಿ ಹಾಕಬೇಕು, ಎಲ್ಲಿ ಬೇಡ

1970ರ ದಶಕದ ಬ್ರಿಟಿಷ್ ರೇಸಿಂಗ್ ಸೈಕಲ್ಲು ಕೈಗೆ ಸಿಕ್ಕ ಕೂಡಲೇ ಬಣ್ಣ ಕೆರೆಸಿ ಪೌಡರ್ ಕೋಟಿಂಗಿಗೆ ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಫ್ರೇಮುಗಳಿಗೆ ಬಳಸುತ್ತಿದ್ದ ರೆನಾಲ್ಡ್ಸ್ 531 ಎಂಬ ಬಟೆಡ್ ಸ್ಟೀಲ್ ಟ್ಯೂಬು ತುದಿಯಲ್ಲಿ ದಪ್ಪ, ನಡುವೆ ಬಲು ತೆಳು. ಬಣ್ಣ ಕೀಳಲು ಗೇಟಿಗೆ ಮರಳು ಹೊಡೆಯುವ ರಭಸದಲ್ಲಿ ಇದಕ್ಕೂ ಹೊಡೆದರೆ ಕೆಟ್ಟಿತು. ಲಗ್ಗಿನ (ಟ್ಯೂಬುಗಳನ್ನು ಕೂಡಿಸುವ ಸ್ಟೀಲ್ ತೋಳಿನ) ಅಂಚಿಗೆ ಕೈಯಲ್ಲಿ ಎಳೆದ ಗೆರೆಯೂ ಮತ್ತೆ ಬರುವುದಿಲ್ಲ.

ಫ್ರೇಮು, ಬಣ್ಣ, ಗೇರು, ಕ್ರ್ಯಾಂಕು (ಪೆಡಲ್ ಕೂರುವ ತೋಳು) ಆ ಕಾಲದ್ದೇ ಇರಲಿ. ಬ್ರೇಕ್ ಪ್ಯಾಡು, ಕೇಬಲ್ಲು, ಟೈರು, ಚೈನು ಮಾತ್ರ ಮುಲಾಜಿಲ್ಲದೆ ಹೊಸದಾಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ಟೀಲ್ ರಿಮ್ಮಿದ್ದರೆ ಅದನ್ನೂ ಬದಲಿಸಿ. ಮಳೆಯಲ್ಲಿ ನೆನೆದ ಅದರ ಕ್ರೋಮಿನ ಮೇಲೆ ಬ್ರೇಕು ಹಿಡಿಯುವುದಿಲ್ಲ, ಜಾರುತ್ತೆ.

ಇವುಗಳಲ್ಲಿ ಬಹಳಷ್ಟಕ್ಕೆ ಇರುವುದು 27 x 1¼ ಚಕ್ರ, ಟೈರು ರಿಮ್ಮಿಗೆ ಕೂರುವ ಜಾಗದ ವ್ಯಾಸ 630 ಮಿ.ಮೀ. ನಮ್ಮಲ್ಲಿ ಸಿಗುವ ರೋಡ್‌ಸ್ಟರಿನ 28 x 1½ ಟೈರು 635. ಅಂಗಡಿಯವರು "ಕೂರುತ್ತೆ ಸಾರ್" ಅಂದರೂ ಹಾಕಿಸಬೇಡಿ, ಗಾಳಿ ತುಂಬಿದಾಗ ಕಳಚಿಕೊಳ್ಳುತ್ತೆ. ಈಗಿನ ರೋಡ್ ಸೈಕಲ್ಲಿನ 700ಸಿ ಅಳತೆಯ ಅಲ್ಯೂಮಿನಿಯಂ ರಿಮ್ಮೇ ಸರಿ. ಅದು 622, ಹಾಗಾಗಿ ಪ್ಯಾಡು 4 ಮಿ.ಮೀ ಕೆಳಗಿಳಿಯಬೇಕು. ಹಳೇ ಕ್ಯಾಲಿಪರಿನಲ್ಲಿ (ಪ್ಯಾಡು ಹಿಡಿದ ಬ್ರೇಕಿನ ತೋಳುಗಳಲ್ಲಿ) ಅಷ್ಟು ಜಾಗವಿದ್ದರೆ ಅದನ್ನೇ ಉಳಿಸಿ. ಇಲ್ಲವಾದರೆ 55ರಿಂದ 73 ಮಿ.ಮೀ ರೀಚ್ (ಬ್ರೇಕಿನ ಬೋಲ್ಟಿನಿಂದ ಪ್ಯಾಡಿನವರೆಗಿನ ದೂರ) ಇರುವ ಟೆಕ್ಟ್ರೋ ಆರ್559 ಬ್ರೇಕು ಹಾಕಬಹುದು. ಹೊರಗೆ ನಟ್ ಬರುವ ಮಾದರಿಯನ್ನೇ ಕೇಳಿ ತರಿಸಿ. ಈಗಿನ ಒಳನಟ್ಟಿಗೆ ಬೇಕಾದಷ್ಟು ದೊಡ್ಡ ತೂತು ಹಳೇ ಫೋರ್ಕಿನಲ್ಲಿ ಇರುವುದಿಲ್ಲ.

ಹೆಚ್ಚು ಜನ ಎಡವುವುದು ಹಿಂದಿನ ಹಬ್ಬಿನಲ್ಲಿ. ಹಿಂದೆ ಐದು ಗೇರಿನ ಫ್ರೇಮಿನಲ್ಲಿ ಡ್ರಾಪೌಟುಗಳ (ಹಿಂದಿನ ಆಕ್ಸಲ್ ಕೂರುವ ಸೀಳುಗಳ) ನಡುವೆ 120 ಮಿ.ಮೀ, ಆರೇಳು ಗೇರಿಗೆ 126. ಸ್ಟೀಲ್ ಆದ್ದರಿಂದ 120 ಅನ್ನು 126ಕ್ಕೆ ಅಗಲಿಸಬಹುದು. ಥ್ರೆಡ್ ರಾಡ್ ಹಾಕಿ ಎರಡೂ ಕಡೆ ಒಟ್ಟಿಗೆ ತಳ್ಳಿದರೆ ಮೆತ್ತಗಿರುವ ಕಡೆಯೇ ಹೆಚ್ಚು ಬಗ್ಗಿ ಚಕ್ರ ಓರೆಯಾಗುತ್ತೆ. ಮರದ ಸನ್ನೆಯಿಂದ ಒಂದೊಂದೇ ಕಡೆ 3 ಮಿ.ಮೀ ಸರಿಸಿ. ಸ್ಟೀಲು ಪುಟಿದು ವಾಪಸ್ ಬರುವುದರಿಂದ ಸ್ವಲ್ಪ ಬಗ್ಗಿಸಿ, ಬಿಟ್ಟು, ಅಳೆದು, ಮತ್ತೆ ಬಗ್ಗಿಸಬೇಕು. ಆಮೇಲೆ ಒಂದು ಡ್ರಾಪೌಟಿನಿಂದ ದಾರವನ್ನು ಮುಂದಿನ ಹೆಡ್ ಟ್ಯೂಬ್ (ಹ್ಯಾಂಡಲ್ಲಿನ ಕೆಳಗಿನ ಟ್ಯೂಬು) ಸುತ್ತಿಸಿ ಇನ್ನೊಂದಕ್ಕೆ ಬಿಗಿಯಿರಿ. ದಾರಕ್ಕೂ ಸೀಟ್ ಟ್ಯೂಬಿಗೂ ನಡುವಿನ ಅಂತರ ಎಡಬಲ ಒಂದೇ ಇರಬೇಕು. ಡ್ರಾಪೌಟುಗಳ ಮುಖ ಸಮಾನಾಂತರಕ್ಕೆ ಬರದಿದ್ದರೆ ಆಕ್ಸಲ್ ಇಂದಲ್ಲ ನಾಳೆ ಮುರಿಯುತ್ತೆ. 126ಕ್ಕೆ ನಿಲ್ಲಿಸಿ, ಏಳು ಗೇರಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೂರುತ್ತೆ.

ಇಟಲಿಯ ಕ್ಯಾಂಪಗ್ನೋಲೊ ಕಂಪನಿಯ ನ್ಯೂವೊ ರೆಕಾರ್ಡ್ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಇದ್ದರೆ ಹಿಂದೆ 26 ಹಲ್ಲೇ ಮಿತಿ. ಅದರ ಜೋಡಿ ಕ್ರ್ಯಾಂಕಿಗೆ 41 ಹಲ್ಲಿಗಿಂತ ಚಿಕ್ಕ ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಕೂರದು. ಘಾಟಿ ಹತ್ತುವವರು ಇದನ್ನು ಮೊದಲೇ ಯೋಚಿಸಲಿ.

ಬಾಟಮ್ ಬ್ರಾಕೆಟ್ಟಿನಲ್ಲಿ (ಕ್ರ್ಯಾಂಕು ತಿರುಗುವ ಬೇರಿಂಗಿನ ಜಾಗದಲ್ಲಿ) ಚೈನಿನ ಕಡೆಯ ಬೇರಿಂಗ್ ಕಪ್ಪಿಗೆ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತೆ. ಇಟಲಿ ಫ್ರೇಮಿನಲ್ಲಿ ಹಾಗಲ್ಲ, ಎರಡೂ ಕಡೆ ಮಾಮೂಲಿ ಥ್ರೆಡ್. ಕಪ್ಪಿನಲ್ಲಿ ಗುಳಿ ಬಿದ್ದಿರದಿದ್ದರೆ ಕಾಲಿಂಚಿನ ಹೊಸ ಬಾಲ್ಸು, ಒಂದೊಂದು ಕಡೆಗೆ 11, ಗ್ರೀಸು, ಅಷ್ಟೇ ಸಾಕು. ಬಾಲ್ಸಿನ ಬದಲು ಮುಚ್ಚಿದ ಬೇರಿಂಗಿನ ಸೀಲ್ಡ್ ಕಾರ್ಟ್ರಿಡ್ಜ್ ಹಾಕುವುದಾದರೆ ಅದರ ಸ್ಪಿಂಡಲಿನ (ನಡುವಿನ ಅಚ್ಚಿನ) ತುದಿಯ ಟೇಪರ್, ಅಂದರೆ ಇಳಿಜಾರು, ಯಾವ ಮಾನದ್ದೆಂದು ನೋಡಿ ತನ್ನಿ. ಕ್ಯಾಂಪಗ್ನೋಲೊ ಕ್ರ್ಯಾಂಕಿಗೆ ಬೇಕಾದದ್ದು ಐಎಸ್‌ಒ; ಜಪಾನಿನ ಜೆಐಎಸ್ ಸ್ಪಿಂಡಲಿಗೆ ಹಾಕಿದರೆ ಸುಮಾರು 4.5 ಮಿ.ಮೀ ಹೊರಗೇ ನಿಂತು ಚೈನು ಹಿಂದುಮುಂದಿನ ಹಲ್ಲುಗಳ ನಡುವೆ ಓಡುವ ನೇರ (ಚೈನ್‌ಲೈನು) ಹಾಳು.

ಸೀಟ್ ಹೊತ್ತ ಅಲ್ಯೂಮಿನಿಯಂ ಪೋಸ್ಟ್ ಫ್ರೇಮಿಗೆ ಕಚ್ಚಿಕೊಂಡಿದ್ದರೆ ಬೆಂಕಿ ತೋರಿಸಬೇಡಿ. ಬಣ್ಣ ಸುಡುತ್ತೆ, ಜೊತೆಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗಿ ಇನ್ನೂ ಬಿಗಿಯಾಗುತ್ತೆ. ಬಾಟಮ್ ಬ್ರಾಕೆಟ್ ಬಿಚ್ಚಿ, ಫ್ರೇಮು ತಲೆಕೆಳಗೆ ಮಾಡಿ, ಒಳಗಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಇಡಿ. ಆಮೇಲೆ ಎಳೆಯುವುದಲ್ಲ, ತಿರುಗಿಸುವುದು.